ಮಾದರಿ ವಿಳಾಸ

ತಿದ್ದಬೇಕಾಗಿದ್ದದ್ದು ಒಂದೇ ಸಾಲು. ಅದಕ್ಕಾಗಿ ಮಾಧುರಿ ಇಷ್ಟು ಬೇಗ ಬಂದು ಕೂತಿದ್ದಳು. ಪುಣೆಯ ಶಿವಾಜಿನಗರದ ಆ ಆಫೀಸಿನಲ್ಲಿ ಇನ್ನೂ ದೀಪ ಸಹ ಹಾಕಿರಲಿಲ್ಲ. ನೆಲ ಒರೆಸುತ್ತ ಅವಳ ಕುರ್ಚಿಯ ಹತ್ತಿರ ಬಂದ ಕೃಷ್ಣಾಬಾಯಿ, "ಆಜ್ ಲವ್‌ಕರ್ ಆಲಾತ್ ಮ್ಯಾಡಮ್?" ಎಂದು ಬೇಗ ಬಂದದ್ದರ ಬಗ್ಗೆ ಮರಾಠಿಯಲ್ಲಿ ಕೇಳಿದಾಗ, "ಕಾಮ್ ಖೂಪ್ ಆಹೇ" ಎಂದುಬಿಟ್ಟಳು. ಅಂದ ಕೂಡಲೇ ಮುಖ ಬಿಸಿಯಾಯಿತು. ಕೆಲಸವಂತೆ, ಭಾಳ ಇದೆಯಂತೆ! ನೆಲ ಒರೆಸುವವಳ ಮುಂದೆಯೂ ಸುಳ್ಳು ಹೇಳುವ ಗತಿ ಬಂತಲ್ಲ. ಕಾಲು ಮೇಲೆತ್ತಿಕೊಂಡು, ಒದ್ದೆ ನೆಲ ಆರುವವರೆಗೆ ಹಾಗೇ ಕೂತು, ಅವಳು ಪರದೆಯ ಮೇಲಿನ ಸಾಲನ್ನು ಮತ್ತೊಮ್ಮೆ ಓದಿದಳು. ಎಷ್ಟು ಅಂದವಾಗಿ ಬರೆದಿದ್ದಳು ಅದನ್ನು. ಲಾಗುಗಳನ್ನು ಕಳಿಸಬೇಕಾದ ವಿಳಾಸವನ್ನು ಕೆಳಗೆ ತೋರಿಸಿದಂತೆ ಕೊಡಿ, ಎಂದು. ಕೆಳಗೆ ತೋರಿಸಿದ್ದು ಅವಳದೇ ವಿಳಾಸವಾಗಿತ್ತು.

ಅವಳ ಕಂಪನಿ ಯಂತ್ರಗಳ ಗುಂಪನ್ನು ಬಾಡಿಗೆಗೆ ಕೊಟ್ಟು, ಅವುಗಳ ಆರೈಕೆಯನ್ನೂ ತಾನೇ ನೋಡಿಕೊಳ್ಳುತ್ತಿತ್ತು. ಗಿರಾಕಿಗಳು ಆ ಗುಂಪಿಗೆ ಕ್ಲಸ್ಟರು ಅನ್ನುತ್ತಿದ್ದರು. ಯಂತ್ರ ತಾನು ಮಾಡಿದ್ದನ್ನೆಲ್ಲ ಗಳಿಗೆಗೊಂದು ಸಾಲಿನಂತೆ ಬರೆದಿಡುತ್ತದೆ. ಆ ಸಾಲುಗಳೇ ಲಾಗು. ಅವನ್ನು ಗಿರಾಕಿ ತನ್ನದೇ ಜಾಗಕ್ಕೆ ತರಿಸಿಕೊಳ್ಳಬೇಕೆಂದರೆ ಕಪ್ಪು ಪರದೆಯಲ್ಲಿ ಒಂದಾದ ಮೇಲೊಂದು ಕಮಾಂಡು ಟೈಪು ಮಾಡಬೇಕು. ಯಾವುದರ ಹಿಂದೆ ಯಾವುದು, ಟೈಪು ಮಾಡಿದ ಮೇಲೆ ಏನು ಕಾಣಬೇಕು, ಕಾಣದಿದ್ದರೆ ಏನು ಮಾಡಬೇಕು ಎಂದು ಕಂಪನಿಯ ಸೈಟಿನ ಪುಟಗಳಲ್ಲಿ ಬರೆಯುವುದು ಮಾಧುರಿಯ ನೌಕರಿ. ಮಿಕ್ಕ ಬರಹಗಾರರು ಇಂಜಿನಿಯರು ಗೀಚಿ ಕೊಟ್ಟದ್ದನ್ನು ತಿದ್ದಿ ತೀಡಿ ಪುಟ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಇವಳು ಹಾಗಲ್ಲ. ಪ್ರತಿ ಕಮಾಂಡನ್ನೂ ತಾನೇ ಟೈಪು ಮಾಡಿ ನೋಡದ ಹೊರತು ಒಂದಕ್ಷರ ಬರೆದವಳಲ್ಲ. ಕಂಡದ್ದನ್ನಷ್ಟೇ ಬರೀಬೇಕು ನೋಡ್ರಿ, ಕೇಳಿದ್ದನ್ನಲ್ಲ, ಎಂದು ಹೊಸದಾಗಿ ಸೇರಿದವರಿಗೆ ಕನ್ನಡದ ರಾಗದ ಹಿಂದಿಯಲ್ಲಿ ಪಾಠ ಹೇಳುವಾಗ ಅವಳ ಮುಖದ ಮೇಲೆ ಸ್ವಲ್ಪ ಜಂಬವೂ ಇರುತ್ತಿತ್ತು. ಈಗ ನೆನೆದರೆ ಎದ್ದು ಹೋಗಿ ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕು ಅನ್ನಿಸುತ್ತದೆ. ಯಾಕೆಂದರೆ ತಪ್ಪು ಆ ಜಂಬದಿಂದಲೇ ಆದದ್ದು. ತಾನೇ ಮಾಡಿ ನೋಡಬೇಕಲ್ಲ, ಅದಕ್ಕೊಂದು ಪರೀಕ್ಷೆಯ ಡಬ್ಬಿ ಬೇಕಿತ್ತು. ಬೇಕಾದವರು ಬೇಕಾದಷ್ಟು ಲಾಗು ತಂದು ಸುರಿಯಬಹುದಾದ, ಅಂತರ್ಜಾಲದಲ್ಲಿ ಬಿಟ್ಟಿ ಸಿಗುವ ಒಂದು ಡಬ್ಬಿ. ಅದರ ವಿಳಾಸ ಹಾಕಿ ಕಮಾಂಡು ಓಡಿಸಿದಳು, ಲಾಗು ಬಂತು. ಹಾಗೆ ಓಡಿಸಿ ನೋಡಿದ ಮೇಲೆ ನಿಜವಾದ ವಿಳಾಸ ತೆಗೆದು, ನೋಡಿದರೇ ಹುಸಿ ಎಂದು ಗೊತ್ತಾಗುವಂಥ ಒಂದು ಹೆಸರನ್ನು ಆ ಜಾಗದಲ್ಲಿ ಕೂರಿಸುವುದು ಈ ಕಸುಬಿನ ರಿವಾಜು. ಮಿಕ್ಕೆಲ್ಲ ಹಂತಗಳಲ್ಲೂ ಕೂರಿಸಿದ್ದಳು. ನಾಲ್ಕನೆಯ ಹಂತದಲ್ಲಿ ಮರೆತಿದ್ದಳು. ಓಡಿಸಿಯೇ ನೋಡದವರು ಇಂಥ ತಪ್ಪು ಮಾಡುವುದು ಸಾಧ್ಯವೇ ಇರಲಿಲ್ಲ.

ಗಿರಾಕಿಗಳಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಅದನ್ನು ಇದ್ದ ಹಾಗೇ ಎತ್ತಿ ಅಂಟಿಸಿಕೊಂಡ. ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಅವಳು ಬೇರೇನೋ ನೋಡಲು ಡಬ್ಬಿ ತೆರೆದರೆ ಅದು ತುಂಬಿ ಹರಿಯುತ್ತಿತ್ತು. ಅವತ್ತು ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಎದ್ದು ಎದುರಿನ ಗಾಜಿನ ಕೋಣೆಗೆ ಹೋಗಿ ತನ್ನ ಮೇಲಧಿಕಾರಿ ಜ್ಯೋತ್ಸ್ನಾ ಮ್ಯಾಡಮ್‌ಗೆ, ಹಿಂಗಾಗೇದ ನೋಡ್ರಿ ಅಂದರೆ ಮುಗಿಯಿತು. ಜ್ಯೋತ್ಸ್ನಾ ಉಡುಪಿಯ ಕಡೆಯವಳು, ಬೈದರೂ ನಕ್ಕೊಂಡೇ ಬೈಯುವವಳು. ಕುರ್ಚಿ ಹಿಂದೆ ಸರಿಸಿದ್ದೂ ಹೌದು. ಅಷ್ಟರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಫೋನ್ ನಂಬರು, ಒಂದು ವಯಸ್ಸು, ಒಂದು ಊರು ಇದ್ದವು, ಊರು ಜಮಖಂಡಿ. ಕೆಳಗೆ ಇನ್ನೊಂದು, ಅಥಣಿ. ಮತ್ತೊಂದು, ಸೊಲ್ಲಾಪುರ. ಅದು ತಮ್ಮ ಸಮಾಜದ ವಧು-ವರ ಸೂಚಕ ಸೈಟು. ಪುಣೆಯಲ್ಲಿದ್ದುಕೊಂಡು ಮಕ್ಕಳಿಗೆ ನಮ್ಮ ಮಂದಿಯೊಳಗೇ ಆಗಲಿ ಎನ್ನುವವರೆಲ್ಲ ಹೆಸರು ಹಾಕುವುದು ಅಲ್ಲಿಯೇ. ಯಾರು ಎಂಥವರನ್ನು ಹುಡುಕಿದರು, ಎಷ್ಟು ಮಂದಿ ಸಿಕ್ಕರು, ಯಾರ ಫೋಟೋವನ್ನು ಯಾರು ತೆರೆದು ನೋಡಿದರು, ಎಲ್ಲವನ್ನೂ ಆ ಸೈಟಿನ ಯಂತ್ರ ಹೊಟ್ಟೆಯಲ್ಲಿಟ್ಟುಕೊಳ್ಳದೆ ಬರೆದು ಇವಳಿಗೆ ಕಳಿಸುತ್ತಿತ್ತು. ಮಾಧುರಿ ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಹುಡುಕುವ ಜಾಗದಲ್ಲಿ ತನ್ನ ಗಂಡನ ಅಕ್ಕ ತ್ರಿವೇಣಿಯ ಫೋನ್ ನಂಬರು ಟೈಪು ಮಾಡಿದಳು. ಗ್ಯಾಸ್ ಸಿಲಿಂಡರು ಬುಕ್ ಆಗುವುದು ಅದೇ ನಂಬರಿನ ಮೇಲಾದ್ದರಿಂದ ಅದು ಬಾಯಿಪಾಠವಾಗಿತ್ತು.

ಇಲ್ಲ, ಕಣ್ಣಿಗೆ ಬಿತ್ತು ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಆ ನಂಬರು ತಾನಾಗಿ ಕಣ್ಣಿಗೆ ಬಿದ್ದದ್ದಲ್ಲ. ಇವಳು ಹುಡುಕಿಕೊಂಡು ಹೋದದ್ದು. ಸಿಗಲಿಕ್ಕಿಲ್ಲ ಅಂದುಕೊಂಡಿದ್ದಳು, ಸಿಗಲಿ ಎಂದೂ ಅಂದುಕೊಂಡಿದ್ದಳು. ಸಿಕ್ಕಿತು. ತ್ರಿವೇಣಿಯಕ್ಕ! ಧನಕವಡಿಯ ತಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಕಡೆಯ ಸಲ ಒಂದು ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ತಿಂದು, ಹುಡುಗಿಯ ವಯಸ್ಸು ಇನ್ನೊಮ್ಮೆ ಕೇಳಿ ಎದ್ದು ಹೋದ ಮೇಲೆ, ಅವರು ತಿಂದ ತಾಟುಗಳನ್ನು ತಾನೇ ಬೆಳಗಿ ಇಟ್ಟು, "ಇನ್ನ ಯಾರನ್ನೂ ಕರೀಬ್ಯಾಡ್ರಿ. ನನಗ ಬ್ಯಾಡಾಗೇದ" ಎಂದು ಕಡ್ಡಿ ಮುರಿದ ಹಾಗೆ ಹೇಳಿದವಳು. ಅಂದಿನಿಂದ ಆ ಮನೆಯ ಯಜಮಾನಿಕೆ ಅವಳದೇ. ಬಿಬವೇವಾಡಿಯ ಔಷಧದ ಹೋಲ್‌ಸೇಲ್ ಅಂಗಡಿಯಲ್ಲಿ ನೌಕರಿ ಮಾಡಿ ಬಂದು, ಅಡಿಗೆಮನೆಗೆ ಹೊಕ್ಕು, ಮದುವೆಯಾಗಿ ಬಂದ ಹೊಸದರಲ್ಲಿ ಮಾಧುರಿ ತಟ್ಟಿದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ಎಲ್ಲರ ಮುಂದೆ, "ಇದು ಪುಸ್ತಕದಾಗ ಬರದ್ಹಂಗ ಆಗೂದಲ್ಲವ್ವ" ಎಂದು ನಕ್ಕಿದ್ದಳು. ಆ ನಗು ಇನ್ನೂ ಕಿವಿಯಲ್ಲಿದೆ. ಯಾಕೆ ಇರಬೇಕು? ಅಂಥ ದೊಡ್ಡ ಮಾತೇನಲ್ಲ ಅದು. ಮರುದಿನ ಅವಳೇ ಪಕ್ಕದಲ್ಲಿ ಕೂತು ಹಿಟ್ಟು ನಾದುವುದನ್ನು ಕಲಿಸಿದ್ದಳು. ಕಲಿಸಿದ್ದು ಮರೆತು ನಕ್ಕಿದ್ದನ್ನು ಮಾತ್ರ ಎತ್ತಿಟ್ಟುಕೊಂಡಿದ್ದೆನಲ್ಲ, ನಾನೆಂಥವಳು, ಎಂದು ಮಾಧುರಿಗೆ ತನ್ನ ಮೇಲೆ ಹೇಸಿಕೆ ಬಂತು.

ಅಂಗಡಿಯಲ್ಲಿ ಊಟದ ಬಿಡುವಾದಾಗ ತ್ರಿವೇಣಿ ಸೈಟು ತೆರೆಯುತ್ತಿದ್ದಳು. ಮೊದಮೊದಲು ಕೇಳಿದ್ದು ಪುಣೆಯಲ್ಲೇ ಇರುವವರು, ಪದವೀಧರರು, ಮೊದಲನೆಯ ಸಂಬಂಧ. ಸಿಗಲಿಲ್ಲ. ಮುಂದಿನ ವಾರ ಸೊಲ್ಲಾಪುರವೂ ಆದೀತು, ಬೆಳಗಾವಿಯೂ ಆದೀತು. ವಯಸ್ಸು ನಲವತ್ತೈದಿದ್ದದ್ದು ನಲವತ್ತೆಂಟಾಯಿತು, ಐವತ್ತಾಯಿತು. ಮಕ್ಕಳಿದ್ದವರು ಬೇಡ ಎಂದಿದ್ದದ್ದು ಒಂದು ದಿನ, ಒಂದಿದ್ದರೆ ನಡೆಯುತ್ತದೆ ಎಂದಾಯಿತು. ಮನೆಯಲ್ಲಿ ಯಾರಿಗೂ ಒಂದು ಹೆಜ್ಜೆ ಬಗ್ಗದವಳು ಅಲ್ಲಿ ಯಾರೂ ಕಾಣದ ಹಾಗೆ ದಿನಕ್ಕೊಂದಿಷ್ಟು ಬಗ್ಗುತ್ತಿದ್ದಳು. ಮಾಧುರಿ ಚಹಾದ ಲೋಟ ಹಿಡಿದು ಅದನ್ನು ದಿನಾ ಓದಿದಳು. ಸಂಗೀತದಲ್ಲಿ ಆಸಕ್ತಿ ಇರಬೇಕು ಎಂದು ಕೇಳಿದ ದಿನ ಒಬ್ಬಳೇ ಕೂತು ನಕ್ಕುಬಿಟ್ಟಳು, ಮನೆಯಲ್ಲಿ ಟೀವಿಯ ದನಿ ಸ್ವಲ್ಪ ಏರಿದರೆ ತಲೆಶೂಲೆ ಎನ್ನುವವಳಿಗೆ ಸಂಗೀತವಂತೆ ಎಂದು. ಸಂಜೆ ಮನೆಗೆ ಹೋದಾಗ ತ್ರಿವೇಣಿ, "ಗ್ಯಾಸಿನ ಮ್ಯಾಲಿನ ಹಾಲ ಉಕ್ಕೂತನಕ ಏನ್ ಮಾಡ್ತಿದ್ದಿ?" ಎಂದು ಗದರಿದರೆ ಈಗ ಸಿಟ್ಟು ಬರುತ್ತಿರಲಿಲ್ಲ. ನಿನ್ನದು ನನಗೆ ಗೊತ್ತಲ್ಲ ಎನ್ನುವ ಒಂದು ಸಣ್ಣ ತಂಪು ಹೊಟ್ಟೆಯೊಳಗೆ ಇಳಿಯುತ್ತಿತ್ತು. ಇನ್ನೂ ಒಂದನ್ನು ನೋಡಿದ್ದಳು ಅವಳು. ತ್ರಿವೇಣಿಯ ಫೋಟೋವನ್ನು ಯಾರು ಯಾರು ತೆರೆದಿದ್ದಾರೆ ಎಂದು ಮೊದಲ ಸಾಲಿನಿಂದ ಕೊನೆಯವರೆಗೆ ಹುಡುಕಿದ್ದಳು. ಯಾರೂ ತೆರೆದಿರಲಿಲ್ಲ.

ಮೊನ್ನೆ ರವಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಬಾಯಿ ಜಾರಿತು. ಜಾರಿತು ಅಂದರೂ ಸುಳ್ಳಾಗುತ್ತದೆ, ಜಾರಲು ಬಿಟ್ಟಳು. ಅತ್ತೆ ಭೀಮವ್ವ ಊರ ಸುದ್ದಿ ತೆಗೆದು, "ಆ ಅನುಸೂಯಾನ ಮಗಳದು ಎರಡನೇ ಲಗ್ನ ಆತಂತ. ನಲವತ್ತ ದಾಟೇದಂತ ಆಕಿಗೆ. ಎಂಥಾ ಕಾಲ ಬಂತವ್ವ!" ಎಂದಿದ್ದರು. ಮಾಧುರಿ ತಾಟಿನಿಂದ ತಲೆ ಎತ್ತದೆ, "ಈಗೇನ್ ಬಿಡ್ರಿ ಅತ್ತಿ. ಐವತ್ತರ ತನಕಾ ನಡೀತದ, ಒಂದ್ ಮಗು ಇದ್ರೂ ನಡೀತದ ಅಂತ ತಾವ ಬರದಿರ್ತಾರ" ಎಂದಳು. ರೊಟ್ಟಿ ಮುರಿಯುತ್ತಿದ್ದ ತ್ರಿವೇಣಿಯ ಕೈ ನಿಂತಿತು.

"ಎಲ್ಲಿ ಬರದಿರ್ತಾರ?"

"ಅದ… ಪೇಪರದಾಗರಿ ಅಕ್ಕಾರ. ಜಾಹೀರಾತು ಬರ್ತಾವಲಾ."

"ಯಾವ ಪೇಪರು?"

ಮಾಧುರಿ ಮಜ್ಜಿಗೆ ತರುವ ನೆಪದಲ್ಲಿ ಎದ್ದು ಹೋದಳು. ತಿರುಗಿ ಬಂದಾಗ ತ್ರಿವೇಣಿ ತಾಟು ತೊಳೆದಿಟ್ಟು ಒಳಗೆ ಹೋಗಿದ್ದಳು, ಅರ್ಧ ರೊಟ್ಟಿ ಹಾಗೇ ಉಳಿದಿತ್ತು. ಆಮೇಲೆ ಸೋಮವಾರವೆಲ್ಲ ಮಾತಿಲ್ಲ. ಇವತ್ತು ಮುಂಜಾನೆಯೂ ಊಟದ ಡಬ್ಬಿಗೆ ಪಲ್ಯ ತುಂಬಿ ಕಟ್ಟೆಯ ಮೇಲೆ ಇಟ್ಟಿದ್ದಳೇ ಹೊರತು ಮುಖ ನೋಡಿರಲಿಲ್ಲ. ಬಸ್ಸಿನಲ್ಲಿ ಮಾಧುರಿಗೆ ಆ ಡಬ್ಬಿಯ ಬಿಸಿ ತೊಡೆಗೆ ತಾಗುತ್ತಲೇ ಇತ್ತು. ಆಫೀಸಿಗೆ ಬಂದು ಲಾಗು ತೆರೆದು ನೋಡಿದರೆ ಆ ನಂಬರಿನ ಮುಂದೆ ಕಡೆಯ ಸಾಲು ಕಾದಿತ್ತು. ಖಾತೆ ತೆಗೆಸಿದ್ದಳು. ತೆಗೆಸುವಾಗ ಸೈಟಿನವರು ಕಾರಣ ಕೇಳುತ್ತಾರೆ. ಮದುವೆ ನಿಶ್ಚಯವಾಗಿದೆ, ಸೇವೆ ಹಿಡಿಸಲಿಲ್ಲ ಎಂದೆಲ್ಲ ಅವರೇ ಕೊಟ್ಟದ್ದು ಯಾವುದನ್ನೂ ಆರಿಸಿಕೊಳ್ಳದೆ ಅವಳು ತಾನೇ ಟೈಪು ಮಾಡಿದ್ದಳು. ಮನೆಯವರಿಗೆ ಗೊತ್ತಾಯಿತು, ಎಂದು.

ಅದನ್ನು ಓದಿದ ಮೇಲೆ ಮಾಧುರಿ ಮಾಡಿದ್ದು ಎರಡು ಕೆಲಸ. ಲಾಗಿನ ಡಬ್ಬಿಯನ್ನು ಅದರೊಳಗಿದ್ದದ್ದರ ಸಮೇತ ಅಳಿಸಿದಳು. ಪುಟದ ಆ ಒಂದು ಸಾಲಿನಲ್ಲಿ ತನ್ನ ವಿಳಾಸ ತೆಗೆದು, ನಿಮ್ಮ ವಿಳಾಸ ಎಂದು ಕೂರಿಸಿ ಪ್ರಕಟಿಸಿದಳು. ಯಾವ ಪುಟವನ್ನು ಯಾರು ಯಾವಾಗ ತಿದ್ದಿದರು ಎಂದು ಬೇಕಾದರೆ ಯಾರೂ ನೋಡಬಹುದಿತ್ತು. ಆದರೆ ಮಾಧುರಿಯ ಪುಟ ಅಂದ ಮೇಲೆ ಯಾರು ನೋಡಲು ಹೋಗುತ್ತಾರೆ? ಹೀಗೆ ಯೋಚಿಸಿದ್ದು ತಾನೇ ಎಂದು ಹೊಳೆದಾಗ ಅವಳಿಗೆ ಬಾಯಿ ಕಹಿಯಾಯಿತು. ಇಷ್ಟು ವರ್ಷ ಗಳಿಸಿದ ಒಳ್ಳೆಯ ಹೆಸರು ಕಡೆಗೆ ಉಪಯೋಗಕ್ಕೆ ಬಂದದ್ದು ಇದಕ್ಕೆ. ಕೆಳಗೆ ಹೋಗಿ ಮುಖ ತೊಳೆದು ಬಂದಳು. ದೀಪ ಹಾಕಿದರು, ಮಂದಿ ಬಂದರು, ಗುಡ್ ಮಾರ್ನಿಂಗ್ ಆಯಿತು. ಇನ್ನು ಮುಗಿಯಿತು ಎಂದು ಎರಡು ಮೂರು ಗಂಟೆಗಳ ಕಾಲ ನಂಬಿಕೊಂಡು ಕೂಡ ಇದ್ದಳು.

ಮಧ್ಯಾಹ್ನ ಜ್ಯೋತ್ಸ್ನಾ ಗಾಜಿನ ಬಾಗಿಲು ತೆರೆದು ಕೈಬೀಸಿ ಕರೆದಳು. "ಮಾಧುರಿ, ಸ್ವಲ್ಪ ಬಾ ಮಾರಾಯ್ತಿ. ಒಬ್ಬ ಗಿರಾಕಿ ಬೆಳಿಗ್ಗೆಯಿಂದ ತಲೆ ತಿಂತಾ ಇದ್ದಾನೆ. ನಿನ್ನ ಪುಟದಲ್ಲಿ ಇದ್ದ ಹಾಗೇ ಮಾಡಿದ್ದಂತೆ, ಲಾಗು ಬೇರೆಲ್ಲಿಗೋ ಹೋಗಿದೆಯಂತೆ." ವೀಡಿಯೊ ಕರೆಯ ಪರದೆಯ ಮೇಲೆ ಒಬ್ಬ ಇಪ್ಪತ್ತೇಳೆಂಟರ ಹುಡುಗ ಇದ್ದ, ಪುನೀತ ಎಂದು. ಆ ವಧು-ವರ ಸೈಟಿನ ಯಂತ್ರಗಳನ್ನು ನೋಡಿಕೊಳ್ಳುವವನು. ಅವನ ಲಾಗುಗಳು ಹೋಗುತ್ತಿದ್ದ ಡಬ್ಬಿ ಇವತ್ತು ಬೆಳಿಗ್ಗೆ ಏಕಾಏಕಿ ಇಲ್ಲವಾಗಿ, ಕಳಿಸಲು ಆಗುತ್ತಿಲ್ಲ ಎಂದು ಅವನ ಯಂತ್ರ ಕೂಗತೊಡಗಿತ್ತು. ಏನೆಂದು ನೋಡಹೋಗಿ ಆ ವಿಳಾಸ ತಮ್ಮದೇ ಅಲ್ಲ ಎಂದು ಅವರಿಗೆ ಆಗ ಗೊತ್ತಾಗಿತ್ತು. ಮಾಧುರಿ ಎಲ್ಲ ಕೇಳಿಸಿಕೊಂಡಳು. ಅಳಿಸದೇ ಇದ್ದಿದ್ದರೆ ಇವತ್ತು ಇವನು ಬರುತ್ತಿರಲಿಲ್ಲ. ಮುಚ್ಚಿಡಲು ಹೋಗಿ ತಾನೇ ಕರೆದುಕೊಂಡು ಬಂದಿದ್ದಳು. ಹುಡುಗ ಮೊದಲು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದವನು, ಜ್ಯೋತ್ಸ್ನಾಳ ಬಾಯಿಂದ ಎಂತದು ಮಾರಾಯ್ರೆ ಎಂದು ಬಂದದ್ದು ಕೇಳಿ ಮುಖವರಳಿಸಿ ಬೆಂಗಳೂರಿನ ಕನ್ನಡಕ್ಕೆ ಇಳಿದ.

"ಮ್ಯಾಮ್, ನೀವು ಕನ್ನಡದವ್ರಾ? ಅಬ್ಬಾ, ಥ್ಯಾಂಕ್ ಗಾಡ್. ಮ್ಯಾಮ್, ನಾನು ಸ್ಟೆಪ್ ಬೈ ಸ್ಟೆಪ್ ಮಾಡಿದ್ದೀನಿ. ಅಲ್ಲಿ ಪೂರ್ತಿ ಅಡ್ರೆಸ್ಸೇ ಇತ್ತು, ನಂಗೆ ಚೆನ್ನಾಗಿ ನೆನಪಿದೆ. ನಿಮ್ಮದೇ ಏನೋ ಇರಬೇಕು, ಹೀಗೇ ಕೊಡಬೇಕು ಅಂದ್ಕೊಂಡೆ."

"ಇರಿ, ಈಗಲೇ ನೋಡುವ," ಎಂದು ಜ್ಯೋತ್ಸ್ನಾ ಪುಟ ತೆರೆದು ಎಲ್ಲರಿಗೂ ಕಾಣುವಂತೆ ಇಟ್ಟಳು. ನಾಲ್ಕನೆಯ ಹಂತದಲ್ಲಿ, ನಿಮ್ಮ ವಿಳಾಸ, ಎಂದಿತ್ತು. ಹುಡುಗ ಪರದೆಗೆ ಮುಖ ತಂದು ಓದಿದ. ಅವನ ಕಣ್ಣು ಆ ಸಾಲಿನ ಮೇಲೆ ಎರಡು ಮೂರು ಸಲ ಓಡಾಡಿದ್ದು ಮಾಧುರಿಗೆ ಇಲ್ಲಿಂದಲೇ ಕಾಣುತ್ತಿತ್ತು. ಹೇಳಬೇಕಾಗಿದ್ದರೆ ಅದೇ ಸಮಯ. ಬಾಯಿ ತೆರೆಯಲೂ ತೆರೆದಳು. ಆದರೆ ವಿಳಾಸ ನನ್ನದು ಅಂದರೆ ಯಾವಾಗಿನಿಂದ ಗೊತ್ತಿತ್ತು ಎಂಬ ಮಾತು ಬರುತ್ತದೆ, ಗೊತ್ತಿದ್ದೂ ಏನು ಮಾಡುತ್ತಿದ್ದಿರಿ ಎಂಬ ಮಾತು ಬರುತ್ತದೆ, ತ್ರಿವೇಣಿಯಕ್ಕನ ಹೆಸರು ಬರುತ್ತದೆ. ಬಾಯಿ ಮುಚ್ಚಿಕೊಂಡು ನೀರಿನ ಬಾಟಲಿ ಎತ್ತಿಕೊಂಡಳು.

"ಸಾರಿ ಮ್ಯಾಮ್," ಎಂದ ಪುನೀತ. "ನಾನೇ ಸರಿಯಾಗಿ ನೋಡಿಲ್ಲ ಅನ್ಸತ್ತೆ. ಸಾರಿ. ನಮ್ಮ ಬಾಸ್ ಮಾರ್ತಾಂಡ ಸರ್ ಹೇಳ್ತಾನೇ ಇದ್ರು, ಅದು ಹೇಗೋ ಕಣ್ಣು ಮುಚ್ಕೊಂಡು ಹಾಕ್ದೆ ಅಂತ. ಪ್ರೊಬೇಷನ್ ಇನ್ನೂ ಮುಗಿದಿಲ್ಲ ನಂದು. ಇವತ್ತು ಸಂಜೆ ಅವರಿಗೆ ಬರೆದು ಕೊಡಬೇಕು, ತಪ್ಪು ಯಾರದು ಅಂತ." ಅಷ್ಟಕ್ಕೇ ಬಿಡಬಾರದೇ ಪುಣ್ಯಾತ್ಮ? ಮಾಧುರಿಯ ಕಡೆ ತಿರುಗಿ, "ನಿಮ್ಮ ಪೇಜ್ ತುಂಬ ಕ್ಲಿಯರ್ ಆಗಿದೆ ಮ್ಯಾಮ್. ಅದಕ್ಕೇ ನಂಬ್ಕೊಂಡು ಮಾಡಿದ್ದು" ಎಂದ. ಮಾಧುರಿ ತಲೆಯಾಡಿಸಿದಳು. ಥ್ಯಾಂಕ್ಯೂ ಎಂದೂ ಅಂದಳು. ನಿಜವಾಗಿಯೂ ಅಂದಳು, ಅವಳ ಕಿವಿಗೇ ಅದು ಕೇಳಿಸಿತು.

"ಅದು ಯಾವುದೋ ಖಾಲಿ ಡಬ್ಬಿ," ಎಂದು ಜ್ಯೋತ್ಸ್ನಾ ಅವನನ್ನು ಸಮಾಧಾನಪಡಿಸುತ್ತಿದ್ದಳು. "ಯಾರು ಕೂತು ಓದ್ತಾರೆ ಮಾರಾಯ ಲಾಗನ್ನು? ತಲೆಕೆಡಿಸ್ಕೊಳ್ಬೇಡಿ." ಕರೆ ಮುಗಿದ ಮೇಲೆ ಮಾಧುರಿಯ ಭುಜ ತಟ್ಟಿ, "ಪಾಪದ ಹುಡುಗ. ಆದ್ರೆ ಎಂತ ಮಾಡುದು, ಓದ್ಲಿಕ್ಕೆ ಬರದವರಿಗೆ ನೀನು ಎಷ್ಟು ಚಂದ ಬರೆದ್ರೂ ಅಷ್ಟೇ" ಎಂದಳು. ಮಾಧುರಿ ಮೇಜಿಗೆ ಬಂದು ಊಟದ ಡಬ್ಬಿ ಬಿಚ್ಚಿದಳು. ಮಡಕಿಕಾಳಿನ ಪಲ್ಯ. ಅದು ಅವಳಿಗೆ ಇಷ್ಟವೆಂದು ತ್ರಿವೇಣಿಗೆ ಗೊತ್ತಿತ್ತು. ಮಾತು ಬಿಟ್ಟ ದಿನವೂ ಅದನ್ನೇ ಮಾಡಿ ತುಂಬಿದ್ದಾಳೆ ಎಂದುಕೊಂಡು ಎತ್ತಿದ ತುತ್ತನ್ನು ಮತ್ತೆ ಡಬ್ಬಿಗೇ ಹಾಕಿದಳು. ಮುಚ್ಚಿ ಚೀಲದಲ್ಲಿ ಇಟ್ಟಳು. ತುಂಬಿದ ಡಬ್ಬಿಯನ್ನು ಮನೆಗೆ ಒಯ್ದರೆ ಯಾಕೆ ಉಣ್ಣಲಿಲ್ಲ ಎಂದು ಕೇಳುತ್ತಾರೆ ಎಂದು ಹೊಳೆದು, ಮತ್ತೆ ತೆಗೆದು, ಬಚ್ಚಲಲ್ಲಿ ನಿಂತು ನುಂಗಿದಳು.

ಸಂಜೆ ಮನೆಗೆ ಬಂದಾಗ ಭೀಮವ್ವ ಕೆಳಗಿನ ಮನೆಯ ಭಜನೆಗೆ ಹೋಗಿದ್ದರು. ಗಂಡ ಶಿವಪ್ರಕಾಶ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಹೊರಗಿನ ಕೋಣೆಯಲ್ಲಿ ತ್ರಿವೇಣಿ ನೆಲದ ಮೇಲೆ ಪೇಪರು ಹಾಸಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. "ಚಹಾ ಇಟ್ಟೀನಿ, ಬಗ್ಗಿಸ್ಕೊಂಡ ಕುಡಿ," ಎಂದಳು. ಎರಡು ದಿನದಲ್ಲಿ ಇದು ಮೊದಲ ಮಾತು. ಮಾಧುರಿ ಚಹಾ ತಂದು ಎದುರಿಗೆ ಕೂತಳು. ಸುಮ್ಮನೆ ಕೂತಿದ್ದರೆ ಏನೋ ಆಗುತ್ತದೆ ಅನ್ನಿಸಿ ತಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡಳು.

"ನೀ ಕಂಪ್ಯೂಟರದಾಗ ಇರಾಕಿ," ಎಂದಳು ತ್ರಿವೇಣಿ, ಸೊಪ್ಪಿನ ಮೇಲಿನ ಕಣ್ಣು ತೆಗೆಯದೆ. "ಒಂದ್ ಮಾತ ಕೇಳ್ತೀನಿ. ಯಾವದರೆ ಸೈಟಿನಾಗ ನಮ್ಮ ಹೆಸರ ಹಾಕಿರ್ತೀವಿ ತಿಳಿ. ಅದನ್ನ ತಗಸಿದ ಮ್ಯಾಲ ಎಲ್ಲಾ ಕಡಿಂದನೂ ಹೋಗ್ತದೇನು? ಇಲ್ಲಾ ಎಲ್ಲರೆ ಉಳೀತದೇನು?"

ಹೋಗ್ತದರಿ ಅಕ್ಕಾರ. ಇಷ್ಟೇ ಹೇಳಿದ್ದರೆ ಸಾಕಿತ್ತು. ಡಬ್ಬಿ ಅಳಿಸಿದ್ದರಿಂದ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಕೇಳಿದವಳು ಸೋಸಿಟ್ಟ ಎಲೆಯನ್ನೇ ಎತ್ತಿಕೊಂಡು ಮತ್ತೆ ಸೋಸುತ್ತಿದ್ದಳು. ಇಷ್ಟು ವರ್ಷ ಆ ಕೈ ಕೆಲಸ ತಪ್ಪಿದ್ದನ್ನು ಮಾಧುರಿ ನೋಡಿರಲಿಲ್ಲ. "ನನ್ನ ಕಡೆ ಇತ್ರಿ," ಎಂದಳು. "ಇವತ್ತ ಮುಂಜಾನಿ ಅಳಸೀನಿ." ಆಮೇಲೆ ನಿಲ್ಲಲಿಲ್ಲ. ಪುಟದಲ್ಲಿ ತನ್ನ ವಿಳಾಸ ಉಳಿದದ್ದು, ಸೈಟಿನ ಲಾಗೆಲ್ಲ ತನ್ನ ಕಡೆ ಬಂದದ್ದು, ನಂಬರು ಹಾಕಿ ಹುಡುಕಿದ್ದು, ಸಂಕ್ರಾಂತಿಯಿಂದ ಇಲ್ಲಿಯವರೆಗೆ ದಿನಾ ಓದಿದ್ದು, ಅದನ್ನೇ ಊಟದ ಮುಂದೆ ಆಡಿದ್ದು, ಮಧ್ಯಾಹ್ನ ಪುನೀತನೆಂಬ ಆ ಹುಡುಗ ತಪ್ಪು ತನ್ನದೇ ಎಂದು ಒಪ್ಪಿಕೊಂಡಾಗ ತಾನು ನೀರು ಕುಡಿಯುತ್ತ ಕೂತದ್ದು, ಎಲ್ಲ ಹೇಳಿದಳು. ತ್ರಿವೇಣಿ ಸೊಪ್ಪು ಸೋಸುತ್ತಲೇ ಇದ್ದಳು. ಎಲೆ ಯಾವುದು ದಂಟು ಯಾವುದು ನೋಡದೆ ಎರಡನ್ನೂ ಒಂದೇ ಕಡೆ ಹಾಕುತ್ತಿದ್ದಳು.

"ಅವ್ವಗ ಗೊತ್ತದೇನು?"

"ಇಲ್ರಿ."

"ಶಿವ್ಯಾಗ?"

"ಇಲ್ರಿ. ಯಾರಿಗೂ ಹೇಳಿಲ್ಲ, ನಿಮ್ಮಾಣಿ."

"ನನ್ನ ಆಣಿ ಯಾಕ ಮಾಡ್ತಿ," ಎಂದಳು ತ್ರಿವೇಣಿ. ಆಮೇಲೆ ತೀರ ಸಣ್ಣ ದನಿಯಲ್ಲಿ, "ಹಂಗಾದ್ರ ನನ್ನ ಫೋಟೋ ಯಾರರೆ ತಗದ ನೋಡಿದ್ರ ಅದೂ ನಿನಗ ಕಂಡಿರಬೇಕಲಾ?" ಎಂದಳು.

ಯಾರೂ ನೋಡಿಲ್ಲ ಎಂದು ಮಾಧುರಿ ಹೇಗೆ ಹೇಳಬೇಕು? ಇಷ್ಟೆಲ್ಲ ಕಿತ್ತುಕೊಂಡ ಮೇಲೆ ಒಂದು ಚೂರನ್ನಾದರೂ ಕೊಡಬೇಡವೇ? "ಇಬ್ಬರು ನೋಡ್ಯಾರ್ರಿ ಅಕ್ಕಾರ," ಎಂದಳು.

"ಹೌದಾ? ಎಲ್ಲಿಯವರು?"

"ಒಬ್ಬರು ಸೊಲ್ಲಾಪುರದವರು. ಇನ್ನೊಬ್ಬರು… ಮಿರಜ."

"ಏನ್ ಮಾಡ್ತಾರಂತ?"

"ಸೊಲ್ಲಾಪುರದವರು ಬ್ಯಾಂಕಿನಾಗ ಇದ್ದಾರರಿ. ಹೆಂಡತಿ ತೀರಿಕೊಂಡಾರ. ಒಬ್ಬಾಕಿ ಮಗಳು." ಎಷ್ಟು ಸಲೀಸಾಗಿ ಬರುತ್ತಿತ್ತು! ಆ ಮಗಳ ಹೆಸರನ್ನೂ ಹೇಳುವವಳಿದ್ದಳು.

"ಬ್ಯಾಂಕಿನಾಗ," ಎಂದಳು ತ್ರಿವೇಣಿ. ಕೈಯಲ್ಲಿದ್ದ ಸೊಪ್ಪನ್ನು ಪೇಪರಿನ ಮೇಲೆ ಇಟ್ಟಳು. "ಆ ಸೈಟಿನಾಗ ಫೋಟೋದ ಕೆಳಗ ತೋರಸ್ತದ ಮಾಧುರಿ, ಎಷ್ಟ ಮಂದಿ ನೋಡ್ಯಾರ ಅಂತ. ದಿನಾ ಅದನ್ನ ನೋಡ್ತಿದ್ದೆ. ಸೊನ್ನಿ ಇರ್ತಿತ್ತು. ನಿನ್ನೆ ತಗಸೂ ಮುಂದ ನೋಡಿದೆ, ಆಗೂ ಸೊನ್ನಿ." ನಕ್ಕಳು. "ಕಳವು ಮಾಡೀದಿ, ಮಾಡೀದಿ. ಮ್ಯಾಲ ನನಗ ಬ್ಯಾಂಕಿನ ಗಂಡನ್ನೂ ಹುಡುಕಿ ಕೊಟ್ಟಿ."

ಮಾಧುರಿ ತಲೆ ತಗ್ಗಿಸಿ ಕೂತಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅಂಥದು ಏನೂ ಆಗಲಿಲ್ಲ. ಕೆಳಗಿನಿಂದ ಭಜನೆಯ ತಾಳ ಕೇಳಿಸುತ್ತಿತ್ತು, ಚಹಾದ ಮೇಲೆ ಕೆನೆ ಕಟ್ಟಿತ್ತು. ಅಳು ಬಂದರೂ ಬೇಕಿತ್ತು. ಅದೂ ಬರಲಿಲ್ಲ.

"ಆ ಹುಡುಗನ ನೌಕರಿ ಹೋಗ್ತದೇನು?" ತ್ರಿವೇಣಿ ಕೇಳಿದಳು.

"ಹೋದ್ರೂ ಹೋದೀತ್ರಿ. ಇವತ್ತ ಸಂಜಿಗೆ ಬರದ ಕೊಡಬೇಕಂತಿದ್ದ."

"ಹಂಗಾದ್ರ ಕೂತ್ಯಾಕ? ನಿಮ್ಮ ಮ್ಯಾಡಮ್ಮಗ ಫೋನ್ ಹಚ್ಚು."

"ಹಚ್ತೀನ್ರಿ. ಒಳಗ ಹೋಗಿ—"

"ಒಳಗ ಬ್ಯಾಡ. ಇಲ್ಲೇ ಹಚ್ಚು. ಸ್ಪೀಕರ ಹಾಕು. ನಿನ್ನ ಮಾತ ನನಗೂ ಕೇಳಲಿ."

ಜ್ಯೋತ್ಸ್ನಾ ಎರಡನೆಯ ರಿಂಗಿಗೇ ಎತ್ತಿಕೊಂಡಳು. ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. "ಹೇಳು ಮಾರಾಯ್ತಿ, ಎಂತ ವಿಶೇಷ?" ಮಾಧುರಿ ಹೇಳಿದಳು. ಆ ವಿಳಾಸ ನಂದರಿ ಮ್ಯಾಡಮ್. ಪುನೀತ ಓದಿದ್ದು ಸರಿ ಇತ್ತು. ಪುಟ ನಾನು ಇವತ್ತ ಮುಂಜಾನಿ ತಿದ್ದೀನಿ, ಹಿಂದಿನದು ತಗದ ನೋಡಿದ್ರ ನಿಮಗ ಕಾಣ್ತದ. ಡಬ್ಬಿ ಖಾಲಿ ಇರಲಿಲ್ಲ. ಗೊತ್ತಾಗಿ ಒಂದ್ ತಿಂಗಳ ಮ್ಯಾಲಾತು, ಹೇಳಲಿಲ್ಲ, ಕೂತು ಓದೀನಿ. ಆ ಕಡೆ ಕುಕ್ಕರಿನ ಸದ್ದು ಸಣ್ಣದಾಯಿತು, ಜ್ಯೋತ್ಸ್ನಾ ಬೇರೆ ಕೋಣೆಗೆ ಬಂದಿರಬೇಕು. ಅವಳ ದನಿಯಲ್ಲಿ ಈಗ ನಗು ಇರಲಿಲ್ಲ.

"ಪುನೀತನಿಗೆ ನಾನು ಈಗಲೇ ಫೋನ್ ಮಾಡ್ತೇನೆ. ನಿಂದು ನಾಳೆ ಮಾತಾಡುವ. ಇದು ನನ್ನ ಕೈಲಿ ಮುಗಿಯುವ ವಿಷಯ ಅಲ್ಲ ಮಾಧುರಿ, ಗೊತ್ತುಂಟಲ್ಲ?" ಫೋನ್ ಇಡದೆ ಮತ್ತೆ ಕೇಳಿದಳು. "ಒಂದು ಹೇಳು. ಮರೆತದ್ದು ಸರಿ, ಯಾರಿಗಾದ್ರೂ ಆಗ್ತದೆ. ಹೆದರಿ ಹೇಳ್ಲಿಲ್ಲ, ಅದೂ ಸರಿ. ಓದಿದ್ದು ಯಾಕೆ?"

ತ್ರಿವೇಣಿ ತಲೆ ಎತ್ತಿದಳು. ರವಿವಾರದ ನಂತರ ಅವಳು ಮಾಧುರಿಯ ಮುಖವನ್ನು ನೇರವಾಗಿ ನೋಡಿದ್ದು ಈಗ. ಹೇಳಲು ಮಾತುಗಳಿದ್ದವು. ಮನೆಯವರೊಬ್ಬರು ಇದ್ದರಲ್ಲ ಎಂದು ಕಾಳಜಿಗೆ ಓದಿದೆ ಎನ್ನಬಹುದಿತ್ತು. ಅವರಿಗೊಂದು ಒಳ್ಳೇದಾಗಲಿ, ತಿಳಿದುಕೊಂಡು ನಾನೇ ಎಲ್ಲಾದರೂ ನೋಡೋಣ ಎಂದಿದ್ದೆ ಎನ್ನಬಹುದಿತ್ತು. ಎರಡನ್ನೂ ಅವಳು ಈ ಒಂದು ತಿಂಗಳಲ್ಲಿ ತನಗೆ ತಾನೇ ಹೇಳಿಕೊಂಡಿದ್ದಳು, ಹೇಳಿ ಹೇಳಿ ಅವು ಸವೆದು ನುಣ್ಣಗಾಗಿದ್ದವು. ಎದುರಿಗೆ ತ್ರಿವೇಣಿ ರೆಪ್ಪೆ ಮಿಟುಕಿಸದೆ ಕಾಯುತ್ತಿದ್ದಳು.

"ಮಜಾ ಬರ್ತಿತ್ರಿ," ಎಂದಳು ಮಾಧುರಿ. "ಅವರಿಗೂ ಬೇಕಾಗೇದ, ಸಿಗವಲ್ದು ಅಂತ ಓದ್ಲಿಕ್ಕೆ ನನಗ ಮಜಾ ಬರ್ತಿತ್ತು."

ತ್ರಿವೇಣಿ ತಲೆಯಾಡಿಸಿದಳು. "ಹಾಂ," ಎಂದಳು, "ಇದ ಖರೇ." ಆಮೇಲೆ ಪೇಪರಿನ ನಾಲ್ಕೂ ಮೂಲೆ ಕೂಡಿಸಿ ಸೊಪ್ಪನ್ನೆಲ್ಲ ಎತ್ತಿಕೊಂಡು ಒಳಗೆ ಹೋಗಿ, ಅಡಿಗೆಮನೆಯ ಬಾಗಿಲು ಹಾಕಿಕೊಂಡಳು.